ಮೊದಲು ಚೀಟಿ, ಆಮೇಲೆ ಮೊಳಕೆ

ಮುಚ್ಚಿದ ಮುಚ್ಚಳ ಕಂಡರೆ ಮೊಳಕೆರಾಯರ ಕೈ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಕುಶಲ ವಿಚಾರಿಸುವ ಮೊದಲೇ ಎದುರಿಗಿದ್ದ ಡಬ್ಬಿ ತೆಗೆದು ಇಣುಕುತ್ತಿದ್ದರು. ಒಮ್ಮೆ ಷಡ್ಡಕನ ಮನೆಯ ಕಿಟಕಿಯಲ್ಲಿದ್ದ ಪಿಂಗಾಣಿ ಬಟ್ಟಲಿನ ಮುಚ್ಚಳ ಎತ್ತಿದಾಗ, ಒಳಗೆ ನೀರಿನಲ್ಲಿ ನೆನೆಯುತ್ತಿದ್ದ ಕಟ್ಟುಹಲ್ಲಿನ ಸೆಟ್ಟು ಮನೆಮಂದಿಗೆಲ್ಲ ದರ್ಶನ ಕೊಟ್ಟಿತು. ಅಲ್ಲಿಯವರೆಗೆ ಆ ಹಲ್ಲುಗಳು ದೇವರು ಕೊಟ್ಟವೆಂದೇ ಷಡ್ಡಕನ ಹೆಂಡತಿಯೂ ನಂಬಿದ್ದಳು. ಷಡ್ಡಕ ಎರಡು ವರ್ಷ ಮಾತು ಬಿಟ್ಟ.

ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀಜ ಪರೀಕ್ಷಾಲಯದಲ್ಲಿ ಕೆಲಸ ಮಾಡುತ್ತಿದ್ದುದರಿಂದ ಊರು ಅವರನ್ನು ಮೊಳಕೆರಾಯರು ಎಂದೇ ಕರೆಯಿತು. ಯಾರೋ ಕಳಿಸಿದ ಬೀಜದ ಚೀಲದಿಂದ ನೂರು ಕಾಳು ಎಣಿಸುವುದು, ಒದ್ದೆ ಕಾಗದದ ಮೇಲೆ ಹತ್ತು ಸಾಲು ಜೋಡಿಸುವುದು, ಟ್ರೇಯನ್ನು ಬೆಚ್ಚಗಿನ ಕಪಾಟಿನಲ್ಲಿಡುವುದು, ಗೊತ್ತುಪಡಿಸಿದ ದಿನ ಹೊರತೆಗೆದು ಎಷ್ಟು ಮೊಳೆತಿವೆಯೆಂದು ಬರೆಯುವುದು. ಇಷ್ಟೇ ಕೆಲಸ. ಆದರೆ ಅದಕ್ಕೊಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ಟ್ರೇ ಕಪಾಟಿಗೆ ಹೋಗುವ ಮೊದಲೇ ಚೀಟಿ ತಯಾರಾಗಬೇಕು. 'ಇಂಥ ದಿನ ಇಡಲಾಯಿತು, ಇಂಥ ದಿನ ಎಣಿಸಲಾಯಿತು, ಇಷ್ಟು ಮೊಳೆತವು' ಎಂದು ಎಲ್ಲವೂ ಆಗಿಹೋದ ಹಾಗೆ ಬರೆದು, ಕೆಳಗೆ ಸಹಿಯನ್ನೂ ಹಾಕಿ, ಸಂಖ್ಯೆಯ ಜಾಗ ಮಾತ್ರ ಖಾಲಿ ಬಿಡಬೇಕು. ಮೊದಲು ಚೀಟಿ, ಆಮೇಲೆ ಮೊಳಕೆ. ಇಪ್ಪತ್ತೈದು ವರ್ಷ ಹೀಗೆ ಬರೆದೂ ಬರೆದೂ, ಆಗಿದ್ದಕ್ಕೂ ಆಗಬೇಕಾದ್ದಕ್ಕೂ ನಡುವಿನ ಗೋಡೆ ರಾಯರ ತಲೆಯಲ್ಲಿ ಸ್ವಲ್ಪ ತೆಳ್ಳಗಾಗಿತ್ತು.

ಪ್ರಾಯದಲ್ಲಿ ಅವರು ಒಂದು ವರ್ಷ ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿ ಬೀಜಶಾಸ್ತ್ರ ಓದಿ ಬಂದಿದ್ದರು. ಓದು ಮುಗಿದ ದಿನ ಅಲ್ಲೊಂದು ಪ್ರಯೋಗ ನಡೆಯಿತು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಬೀಜವನ್ನು ಒಂದು ಪುಟ್ಟ ಕಂದು ಬಾಟಲಿಯಲ್ಲಿ ತುಂಬಿ ಕೊಡಬೇಕು; ಅದಕ್ಕೆ ಅರಗಿನ ಮುದ್ರೆ ಒತ್ತಿ ನೆಲಮಾಳಿಗೆಯಲ್ಲಿಟ್ಟು, ಇಪ್ಪತ್ತೈದು ವರ್ಷದ ಮೇಲೆ ತೆಗೆದು ಬಿತ್ತಬೇಕು. ರಾಯರು ಮನೆಯಿಂದ ಒಯ್ದ ಸಂಜೆಮಲ್ಲಿಗೆಯ ಕಪ್ಪು ಬೀಜಗಳನ್ನು ತಾವೇ ಪರೀಕ್ಷಿಸಿ ತುಂಬಿದರು. ಅವಸರದಲ್ಲಿ ಕೋಟಿನ ಜೇಬಿನಿಂದ ಬಾಟಲಿ ತೆಗೆದು ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆದರೆ ಆ ಕೋಟಿಗೆ ಎರಡು ಜೇಬಿದ್ದವು. ಇನ್ನೊಂದರಲ್ಲಿ ಅತ್ತೆ ಕಟ್ಟಿಕೊಟ್ಟ ಜೀರ್ಣದ ಗುಳಿಗೆಯ ಬಾಟಲಿ ಇತ್ತು. ಅದೂ ಪುಟ್ಟದು, ಅದೂ ಕಂದು. ಗುಳಿಗೆಗಳೂ ಕಪ್ಪು, ಕಾಳಿನಷ್ಟೇ ದಪ್ಪ. "ಹೊಸ ಅಳಿಯ, ಪರದೇಶದ ಊಟ, ಹೊಟ್ಟೆ ಕೆಟ್ಟೀತು" ಎಂದು ಮೂರು ದಿನ ಕಲ್ಲಿನಲ್ಲಿ ಅರೆದು ಮಾಡಿದ ಗುಳಿಗೆಗಳವು. ಅರೆದದ್ದನ್ನು ಅತ್ತೆ ಇಂದಿಗೂ ಬಂದವರಿಗೆಲ್ಲ ಹೇಳುತ್ತಿದ್ದರು.

ರಾಯರು ಊರಿಗೆ ಮರಳಿದಾಗ ಪೆಟ್ಟಿಗೆ ಬಿಚ್ಚಿದ್ದು ಅತ್ತೆ. ಉಳಿದ ಬಾಟಲಿಯನ್ನು ಕಂಡು, "ಅಯ್ಯೋ, ಅರ್ಧಕ್ಕರ್ಧ ಹಾಗೇ ಇದೆಯಲ್ಲ" ಎಂದು ತಾವೇ ದಿನಕ್ಕೊಂದರಂತೆ ನುಂಗಿ ಮುಗಿಸಿದರು. ಮುಗಿದ ದಿನ ಒಂದು ಮಾತು ಹೇಳಿದರು.

"ಪರದೇಶದ ಗಾಳಿ ತಾಗಿ ಗುಳಿಗೆ ಸ್ವಲ್ಪ ಗಟ್ಟಿ ಆಗಿತ್ತು ಅಳಿಯಂದ್ರೇ. ಹಲ್ಲಿಗೆ ಸಿಕ್ರೆ ಟಕ್ ಅಂತಿತ್ತು. ಆದ್ರೆ ಗುಣ ಮಾತ್ರ ಎರಡು ಪಟ್ಟು! ಹೊಟ್ಟೆ ಇಷ್ಟು ಸಾಫಾಗಿದ್ದು ಜನ್ಮದಲ್ಲೇ ಇಲ್ಲ."

ರಾಯರ ತಲೆಗೆ ಹುಳ ಹೊಕ್ಕಿದ್ದು ಆ ಘಳಿಗೆಯಲ್ಲಿ. ಗಟ್ಟಿ? ಟಕ್? ಬಾಟಲಿ ತೆಗೆದು ನೋಡಿದರು. ಖಾಲಿ. ಮೂಸಿದರು. ಅತ್ತೆ ಅದನ್ನು ಬಿಸಿನೀರಿನಲ್ಲಿ ತೊಳೆದಿಟ್ಟಿದ್ದರು. ಹಾಗಾದರೆ ಸಮುದ್ರದಾಚೆ ಅರಗಿನ ಮುದ್ರೆಯೊಳಗೆ ಕೂತಿರುವುದು ಬೀಜವೋ, ಗುಳಿಗೆಯೋ? ಕೇಳೋಣವೆಂದರೆ ಮಾನದ ಪ್ರಶ್ನೆ, ಬಿಡೋಣವೆಂದರೆ ನಿದ್ದೆಯ ಪ್ರಶ್ನೆ. ಜಗತ್ತಿನ ಸಕಲ ಮುಚ್ಚಳಗಳನ್ನೂ ಎತ್ತಿ ನೋಡಿದ ಮನುಷ್ಯ, ತಾನೇ ಮುಚ್ಚಿಸಿದ ಒಂದು ಮುಚ್ಚಳಕ್ಕಾಗಿ ಇಪ್ಪತ್ತೈದು ವರ್ಷ ಒದ್ದಾಡಿದ.

ಇಪ್ಪತ್ತಾರನೆಯ ವರ್ಷದ ಜನವರಿಯಲ್ಲಿ ಪರೀಕ್ಷಾಲಯದ ವಿಳಾಸಕ್ಕೆ ಒಂದು ಪತ್ರ ಬಂತು. ವಿಶ್ವವಿದ್ಯಾಲಯ ಬಾಟಲಿಗಳನ್ನು ಹೊರತೆಗೆದಿದೆ. ಒಬ್ಬ ಪ್ರೊಫೆಸರು ಊರೂರು ಸುತ್ತಿ ಆಯಾ ಊರಿನ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಅವರವರ ಬಾಟಲಿಯನ್ನು ತಲುಪಿಸುತ್ತಾರೆ. ಆದರೆ ಸಂಘ ಜೀವಂತವಾಗಿರಬೇಕು. ಜೀವಂತ ಎಂದರೆ ವರ್ಷದ ಹನ್ನೆರಡು ತಿಂಗಳಲ್ಲಿ ಹನ್ನೆರಡು ಚಟುವಟಿಕೆ. ಅದರ ವರದಿಯನ್ನು ತಿಂಗಳ ಕೊನೆಯೊಳಗೆ ಕಳಿಸಬೇಕು. ಇಲ್ಲದಿದ್ದರೆ ಬಾಟಲಿ ವಾಪಸ್ ನೆಲಮಾಳಿಗೆಗೆ, ಇನ್ನೂ ಇಪ್ಪತ್ತೈದು ವರ್ಷ.

ಸಂಘವೇನೋ ಇತ್ತು. ಅದರಲ್ಲಿ ನಾಲ್ಕು ಜನ. ಅಧ್ಯಕ್ಷರು ನಿವೃತ್ತ ಸೇತುವೆ ಎಂಜಿನಿಯರು; ಕುರ್ಚಿಯ ಮೇಲೆ ಕೂರುವ ಮುನ್ನ ಅದನ್ನು ಅಲ್ಲಾಡಿಸಿ ನೋಡುವವರು. ಇನ್ನೊಬ್ಬರು ಹಲ್ಲಿನ ಡಾಕ್ಟರಮ್ಮ. ಮತ್ತೊಬ್ಬರು ಹವಾಮಾನ ಕಚೇರಿಯವರು. ಊಟ ಆಯಿತೇ ಎಂದು ಕೇಳಿದರೂ "ಆಗಿರುವ ಸಂಭವ ಇದೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿ. ನಾಲ್ಕನೆಯವರು ಕಾರ್ಯದರ್ಶಿ ಮೊಳಕೆರಾಯರು. ಸಂಘ ಕೊನೆಯ ಸಲ ಸೇರಿದ್ದು ಒಂಬತ್ತು ವರ್ಷದ ಹಿಂದೆ. ಆವತ್ತು ಮುಂದಿನ ಸಭೆಯ ತಾರೀಕು ಗೊತ್ತುಮಾಡುವಲ್ಲಿ ಜಗಳವಾಗಿ ಎದ್ದು ಹೋಗಿದ್ದರು.

ರಾಯರು ಪ್ರಾಮಾಣಿಕರು. ಸುಳ್ಳು ವರದಿ ಅವರ ಜಾಯಮಾನದಲ್ಲೇ ಇರಲಿಲ್ಲ. ಕೂತು ಒಂದು ಪತ್ರ ಬರೆದರು: 'ನಮ್ಮ ಸಂಘ ಇಷ್ಟು ದಿನ ಮಲಗಿತ್ತು. ದಯವಿಟ್ಟು ಒಂದು ವರ್ಷ ಗಡುವು ಕೊಡಿ. ಏನೇನು ಮಾಡಲಿದ್ದೇವೆ ಎಂಬ ಯೋಜನೆ ಇದರ ಜೊತೆಗಿದೆ.' ಆಮೇಲೆ ಯೋಜನೆ ಬರೆಯಲು ಇನ್ನೊಂದು ಹಾಳೆ ತೆಗೆದುಕೊಂಡರು. ಕೈ ತನ್ನ ಅಭ್ಯಾಸ ಬಿಟ್ಟೀತೇ? 'ಜನವರಿ: ಸರ್ವಸದಸ್ಯರ ಸಭೆ ನಡೆಯಿತು. ಫೆಬ್ರವರಿ: ರಕ್ತದಾನ ಮಾಡಲಾಯಿತು. ಮಾರ್ಚ್: ನೂರು ಸಸಿ ನೆಡಲಾಯಿತು. ಜುಲೈ: ಸದಸ್ಯರು ಮಳೆಯಲ್ಲಿ ನಡೆದು ಪ್ರಕೃತಿಯನ್ನು ಆಸ್ವಾದಿಸಿದರು. ಸೆಪ್ಟೆಂಬರ್: ದೋಣಿ ನಡೆಸಲಾಯಿತು. ಅಕ್ಟೋಬರ್: ಬಿಸಿಬಿಸಿ ಚರ್ಚಾಕೂಟ ನಡೆಯಿತು. ಡಿಸೆಂಬರ್: ಚಳಿಯಲ್ಲಿ ಬೆಂಕಿಯ ಸುತ್ತ ಕೂತು ಹಾಡಲಾಯಿತು.' ಹೀಗೆ ಹನ್ನೆರಡೂ ತುಂಬಿದವು. ಕೆಳಗೆ, ಚೀಟಿಗೆ ಹಾಕುವಂತೆ, ಅಂದವಾದ ಸಹಿ ಬಿತ್ತು. ಪತ್ರಕ್ಕೆ ಸಹಿ ಹಾಕಬೇಕೆನ್ನುವಷ್ಟರಲ್ಲಿ ಬೀಜದ ಕಪಾಟಿನ ಗಂಟೆ ಹೊಡೆಯಿತು; ಟ್ರೇ ತೆಗೆಯಲು ಎದ್ದು ಹೋದರು.

ಪರೀಕ್ಷಾಲಯದ ರವಾನೆ ಗುಮಾಸ್ತನದು ಒಂದೇ ಕಾನೂನು. ಸಹಿ ಇದ್ದದ್ದು ಹೊರಗೆ, ಸಹಿ ಇಲ್ಲದ್ದು ಒಳಗೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಕಾಗದವನ್ನೂ ಹೊತ್ತಿಗೆ ಸರಿಯಾಗಿ ಕಳಿಸದ ಆ ಮಹಾನುಭಾವ, ಯಾವ ಗ್ರಹಗತಿಯೋ, ಆವತ್ತು ಹತ್ತು ನಿಮಿಷದಲ್ಲಿ ಯೋಜನೆಯ ಹಾಳೆಯನ್ನು ಕವರಿಗೆ ಹಾಕಿ ಅಂಚೆಗೆ ಕೊಟ್ಟ. ಗಡುವು ಕೇಳುವ ಪತ್ರವನ್ನು ಜೋಪಾನವಾಗಿ ರಾಯರ ಡ್ರಾಯರಿನಲ್ಲಿಟ್ಟ.

ಎರಡು ವಾರಕ್ಕೆ ಉತ್ತರ ಬಂತು. 'ನಿಮ್ಮ ಚಟುವಟಿಕೆ ಕಂಡು ಬೆರಗಾದೆವು. ಇಷ್ಟು ಚುರುಕಾದ ಸಂಘ ನಮ್ಮಲ್ಲಿ ಇನ್ನೊಂದಿಲ್ಲ. ಪ್ರೊಫೆಸರು ಇನ್ನು ಆರು ವಾರಕ್ಕೆ ಬಾಟಲಿಯೊಂದಿಗೆ ಬರುತ್ತಾರೆ. ಹನ್ನೆರಡು ತಿಂಗಳ ಫೋಟೋಗಳನ್ನು ನೋಡಲು ಕಾತರರಾಗಿದ್ದಾರೆ.'

ರಾಯರು ಡ್ರಾಯರು ಎಳೆದರು. ಗಡುವಿನ ಪತ್ರ ಅಲ್ಲೇ ಇತ್ತು.

"ಏನಯ್ಯಾ ಇದು?" ಎಂದು ಗುಮಾಸ್ತನನ್ನು ಕೇಳಿದರು.

"ಸಹಿ ಎಲ್ಲಿದೆ ಸಾರ್?" ಎಂದ ಗುಮಾಸ್ತ, ನ್ಯಾಯಾಧೀಶನ ಗತ್ತಿನಲ್ಲಿ.

ಮನೆಯಲ್ಲಿ ವಿಷಯ ತಿಳಿದಾಗ ಹೆಂಡತಿ ನಕ್ಕಳು. ಎಂಬತ್ತರ ಗಡಿಯಲ್ಲಿದ್ದ ಅತ್ತೆ ನಗಲಿಲ್ಲ. ಮಗಳ ಮನೆಯಲ್ಲಿದ್ದುಕೊಂಡು ಆ ಮನೆಯ ಧರ್ಮಾಧರ್ಮಗಳ ಮೇಲ್ವಿಚಾರಣೆ ನಡೆಸುವುದು ಅವರ ಕೆಲಸವಾಗಿತ್ತು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ. ನೀವು ಕೂಸಿಗೆ ಮದುವೇನೂ ಆಯ್ತು ಅಂತ ಬರ್ದಿದೀರಾ, ಅವರು ಫೋಟೋ ಬೇರೆ ಕೇಳ್ತಿದಾರೆ. ಮಾಡ್ದೇ ಇದ್ದಿದ್ದನ್ನ 'ಮಾಡ್ದೆ' ಅನ್ನೋ ಬುದ್ಧಿ ನಮ್ಮ ವಂಶದಲ್ಲೇ ಇಲ್ಲ."

"ಈಗೇನ್ ಮಾಡ್ಲಿ ಅತ್ತೆ?"

"ನಿಜ ಬರೀರಿ."

ನಿಜ ಬರೆದರೆ ಬಾಟಲಿ ಹೋಯಿತು. ಇನ್ನು ಇಪ್ಪತ್ತೈದು ವರ್ಷ ಕಾದರೆ ರಾಯರಿಗೆ ಎಂಬತ್ತು. ಆಗ ಮುಚ್ಚಳ ತೆಗೆಯಲು ಕೈ ಇರುತ್ತದೋ, ನೋಡಲು ಕಣ್ಣು ಇರುತ್ತದೋ! ಇಡೀ ರಾತ್ರಿ ಹೊರಳಾಡಿ, ಬೆಳಿಗ್ಗೆ ಹಲ್ಲುಜ್ಜುವಾಗ ಅವರಿಗೆ ಜ್ಞಾನೋದಯವಾಯಿತು. ಆಗದ್ದನ್ನು ಬರೆದಿದ್ದು ತಪ್ಪು. ಸರಿ. ಬರೆದಿದ್ದೆಲ್ಲ ಆಗಿಬಿಟ್ಟರೆ? ಚೀಟಿ ಹೋಗಿದೆ, ಮೊಳಕೆ ಬರಿಸಿದರಾಯಿತು! ಆರು ವಾರದಲ್ಲಿ ಒಂದು ವರ್ಷ.

ಅಂದೇ ಉಳಿದ ಮೂವರನ್ನೂ ಪರೀಕ್ಷಾಲಯದ ಕಪಾಟಿನ ಕೋಣೆಯಲ್ಲಿ ಸೇರಿಸಿದರು.

"ಅಡಿಪಾಯ ಇಲ್ಲದೆ ಸೇತುವೆ ಕಟ್ಟಿದ್ದೀರಿ," ಎಂದರು ಎಂಜಿನಿಯರು. "ಈಗ ಜನ ಓಡಾಡುವಾಗ ಕೆಳಗಿಂದ ಕಂಬ ನಿಲ್ಲಿಸಬೇಕು ಅಂತೀರಿ. ಆದರೂ ಮಾಡಬಹುದು. ನನಗೆ ಮನೆಯಲ್ಲಿ ಬೇಜಾರಾಗಿದೆ."

"ವಾರಕ್ಕೆ ಎರಡು ತಿಂಗಳು. ಭಾನುವಾರ ಒಂದು, ಬುಧವಾರ ಒಂದು," ಎಂದರು ಡಾಕ್ಟರಮ್ಮ ಡೈರಿ ನೋಡಿ. "ಬುಧವಾರ ಸಂಜೆ ನನಗೆ ಪೇಷೆಂಟ್ಸ್ ಕಡಿಮೆ."

"ಆಗುವ ಸಾಧ್ಯತೆ ಇದೆ, ಆಗದಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ," ಎಂದರು ಹವಾಮಾನದವರು. ಇದನ್ನು ಒಪ್ಪಿಗೆ ಎಂದು ಬರೆದುಕೊಳ್ಳಲಾಯಿತು.

ಕೆರೆ ಹತ್ತಿರವಿದ್ದುದರಿಂದ ಸೆಪ್ಟೆಂಬರನ್ನು ಮೊದಲು ಮುಗಿಸಿದರು. ಬಾಡಿಗೆ ದೋಣಿಯಲ್ಲಿ ನಾಲ್ವರೂ ಕೂತರು. ಎಂಜಿನಿಯರು ದೋಣಿಯ ಹಲಗೆಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಲು ಬಗ್ಗಿದ್ದಾಗ, ಹವಾಮಾನದವರು ಗಾಳಿಯ ದಿಕ್ಕು ತೋರಿಸಲೆಂದು ಹುಟ್ಟು ಎತ್ತಿದರು. ಹುಟ್ಟು ಸೀದಾ ಅಧ್ಯಕ್ಷರ ಮೂಗಿಗೆ ಬಿತ್ತು. ಡಾಕ್ಟರಮ್ಮ ಅಲ್ಲೇ ಮೂಗಿಗೆ ಒಂದು ದೊಡ್ಡ ಬಿಳಿ ಪಟ್ಟಿ ಹಚ್ಚಿದರು. ದಡದಲ್ಲಿದ್ದ ರಾಯರ ಹೆಂಡತಿ ಪೆಟ್ಟು ಬೀಳುವ ಕ್ಷಣಕ್ಕೇ ತೆಗೆದಿದ್ದ ಫೋಟೋ ಚೆನ್ನಾಗಿ ಬಂತು.

ಮುಂದಿನ ಬುಧವಾರ ಜನವರಿ, ಅದರ ಮುಂದಿನ ಭಾನುವಾರ ಮೇ. ಫೆಬ್ರವರಿಯ ರಕ್ತದಾನಕ್ಕೆ ರವಾನೆ ಗುಮಾಸ್ತನನ್ನೂ ಪ್ರಾಯಶ್ಚಿತ್ತವೆಂದು ಕರೆದೊಯ್ದರು. ಆತ ಫಾರಂ ತುಂಬಿ, ಸಹಿ ಮಾಡಲೊಪ್ಪದೆ ಕೂತ. "ಸಹಿ ಮಾಡಿದ್ರೆ ಹೊರಗೆ ಹೋಗುತ್ತೆ ಸಾರ್" ಎಂದ. ಅವನ ಅನುಭವದಲ್ಲಿ ಅದು ನಿಜವೇ. ಕೊನೆಗೆ ನರ್ಸಮ್ಮ ಗದರಿಸಿ ಸಹಿ ಹಾಕಿಸಿದಳು.

ಡಿಸೆಂಬರಿನ ಸರದಿ ಬಂದಾಗ ಬಿಸಿಲು ಏರಿತ್ತು. ಪರೀಕ್ಷಾಲಯದ ಹಿಂದಿನ ಅಂಗಳದಲ್ಲಿ ಮಟಮಟ ಮಧ್ಯಾಹ್ನ ಬೆಂಕಿ ಹಾಕಿ, ಸ್ವೆಟರು, ಮಫ್ಲರು, ಉಣ್ಣೆಯ ಟೋಪಿ ಹಾಕಿಕೊಂಡು ನಾಲ್ವರೂ ಸುತ್ತ ಕೂತರು. "ಚಳಿಯಲ್ಲಿ ಕೂತು ಹಾಡಲಾಯಿತು ಅಂತ ಬರೆದಿದ್ದೀನಿ," ಎಂದು ರಾಯರು ಹಟ ಹಿಡಿದು, ಬೀಜ ತಣ್ಣಗಿಡುವ ಪೆಟ್ಟಿಗೆಯಿಂದ ಐಸು ತರಿಸಿ ಎಲ್ಲರ ಬೆನ್ನಿಗೂ ಒಂದೊಂದು ಗಡ್ಡೆ ಇಡಿಸಿದರು. ಚಳಿ ನಿಜವಾಗಿಯೂ ಆಯಿತು. ಹಾಡು ನಡುಗುತ್ತ ಬಂತು.

ಕಾಂಪೌಂಡಿನ ಆಚೆಯಿಂದ ಇದನ್ನು ನೋಡಿದ ಎದುರುಮನೆಯಾಕೆ ನೇರ ರಾಯರ ಹೆಂಡತಿಯ ಹತ್ತಿರ ಓಡಿದಳು.

"ನಿಮ್ಮನೆಯವರಿಗೆ ಹುಷಾರಿಲ್ವೇನ್ರೀ? ಈ ಬಿಸಿಲಲ್ಲಿ ಸ್ವೆಟರ್ ಹಾಕ್ಕೊಂಡು ಬೆಂಕಿ ಮುಂದೆ ಕೂತು ಅಳ್ತಾ ಇದಾರೆ."

"ಅಳ್ತಿಲ್ಲ, ಹಾಡ್ತಿರ್ಬೇಕು. ಅವರಿಗೆ ಇವತ್ತು ಡಿಸೆಂಬರ್," ಎಂದಳು ಹೆಂಡತಿ, ಬಟ್ಟೆ ಮಡಿಸುವುದನ್ನು ನಿಲ್ಲಿಸದೆ.

ಎದುರುಮನೆಯಾಕೆ ಅಂದಿನಿಂದ ಆ ಮನೆಗೆ ಬರುವುದನ್ನು ಕಡಿಮೆ ಮಾಡಿದಳು.

ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು ಜುಲೈ. ಮಳೆಯಲ್ಲಿ ನಡೆಯಬೇಕು; ಆಕಾಶದಲ್ಲಿ ಹೆಸರಿಗೊಂದು ಮೋಡವಿಲ್ಲ. ಎರಡು ವಾರ ಎಲ್ಲರೂ ಹವಾಮಾನದವರ ಮುಖ ನೋಡಿದರು. ಅವರು "ಮಳೆಯ ಸಂಭವ ನೂರಕ್ಕೆ ನಲವತ್ತು ಭಾಗ" ಎಂದರೇ ಹೊರತು ಉಳಿದ ಅರವತ್ತು ಯಾರ ಕಡೆ ಎಂದು ಹೇಳಲಿಲ್ಲ. ಕೊನೆಗೆ ಸಾರ್ವಜನಿಕ ಉದ್ಯಾನದಲ್ಲಿ ಹುಲ್ಲಿಗೆ ನೀರು ಚಿಮ್ಮಿಸುವ ಹೊತ್ತಿಗೆ ನಾಲ್ವರೂ ಕೊಡೆ ಹಿಡಿದು ಹೋಗಿ, ಚಿಮ್ಮುವ ನೀರಿನ ಕೆಳಗೆ ಗಂಭೀರವಾಗಿ ಓಡಾಡತೊಡಗಿದರು. ಹೆಂಡತಿ ಫೋಟೋ ತೆಗೆದಳು. ಉದ್ಯಾನದ ಅಧಿಕಾರಿ ಸೀಟಿ ಊದುತ್ತ ಬಂದರು.

"ಏನ್ ನಡೀತಿದೆ ಇಲ್ಲಿ?"

"ಪ್ರಕೃತಿಯನ್ನು ಆಸ್ವಾದಿಸ್ತಾ ಇದ್ದೀವಿ," ಎಂದರು ರಾಯರು, ಕನ್ನಡಕದ ನೀರು ಒರೆಸಿಕೊಳ್ಳುತ್ತ.

"ಕೊಡೆ ಯಾಕೆ?"

"ಜುಲೈ ಅಲ್ವೇ ಸಾರ್."

ಅಧಿಕಾರಿ ಕ್ಯಾಲೆಂಡರನ್ನು ಮನಸ್ಸಿನಲ್ಲೇ ತಿರುವಿಹಾಕಿದರು. ಎದುರಿಗಿದ್ದವರೆಲ್ಲ ಮರ್ಯಾದಸ್ಥರು, ಒಬ್ಬರ ಮೂಗಿಗೆ ಪಟ್ಟಿ ಬೇರೆ. ನಿಧಾನವಾಗಿ ತಮ್ಮ ದಿನಚರಿ ಪುಸ್ತಕ ತೆಗೆದರು. ಅದರಲ್ಲಿ 'ಜನ ಒದ್ದೆಯಾದ ಕಾರಣ' ಎಂದು ಬರೆಯಬೇಕಾದ ಜಾಗದಲ್ಲಿ ಪೆನ್ನು ನಿಂತುಬಿಟ್ಟಿತು. "ಇದನ್ನೆಲ್ಲ ಬರೆದ್ರೆ ನನ್ನ ಮೇಲಿನವರು ನನ್ನನ್ನೇ ಆಸ್ಪತ್ರೆಗೆ ಕಳಿಸ್ತಾರೆ. ಮಳೆ ಬಂದಿತ್ತು ಅಂತ ಬರೆದುಬಿಡ್ತೀನಿ. ದಯವಿಟ್ಟು ಹೋಗಿ," ಎಂದರು.

ಅಲ್ಲಿಗೆ ಮುಗಿಯಲಿಲ್ಲ. ಮೂರು ದಿನಕ್ಕೆ ಹವಾಮಾನ ಕಚೇರಿಗೆ ಒಂದು ಓಲೆ ಬಂತು: ಉದ್ಯಾನದ ದಾಖಲೆಯಲ್ಲಿ ಮಳೆ ಇದೆ, ನಿಮ್ಮ ದಾಖಲೆಯಲ್ಲಿ ಇಲ್ಲ, ಯಾವುದು ನಿಜ? ಹವಾಮಾನದವರು ಬೆವತುಹೋದರು. ಬಂದಿತ್ತು ಎಂದರೆ ವೃತ್ತಿಗೆ ದ್ರೋಹ, ಇಲ್ಲ ಎಂದರೆ ಉದ್ಯಾನದವರಿಗೆ ದ್ರೋಹ. ಒಂದು ಹಗಲು ಯೋಚಿಸಿ ಜೀವಮಾನದಲ್ಲಿ ಮೊದಲ ಸಲ ಒಂದು ಖಚಿತವಾದ ವಾಕ್ಯ ಬರೆದರು: 'ಮಳೆ ಬಂದಿಲ್ಲ. ನಾನೇ ಅಲ್ಲಿದ್ದೆ.' ಕಚೇರಿಯವರೆಲ್ಲ ಆ ಕಾಗದವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಅವರಿಗೆ ಒಂದು ದಿನ ರಜೆ ಕೊಟ್ಟು ಮನೆಗೆ ಕಳಿಸಿದರು.

ಹೀಗೆ ಹನ್ನೊಂದು ತಿಂಗಳು ಮುಗಿದವು. ಹಲ್ಲಿನ ತಪಾಸಣೆ ಆಯಿತು, ಗುಡ್ಡ ಹತ್ತಿದ್ದಾಯಿತು, ನೂರು ಸಸಿ ಎಣಿಸಿ ನೆಟ್ಟಿದ್ದಾಯಿತು. ಅಕ್ಟೋಬರಿನ ಚರ್ಚಾಕೂಟ ಮಾತ್ರ ಉಳಿಯಿತು. ಎರಡು ಸಲ ಕೂತು ನೋಡಿದರು. ಆರು ವಾರ ಒಟ್ಟಿಗೆ ನೆನೆದು, ನಡುಗಿ, ಬೆವರಿ, ನಾಲ್ವರಿಗೂ ಎಂಥ ಸ್ನೇಹ ಬೆಳೆದಿತ್ತೆಂದರೆ ಯಾವ ವಿಷಯ ಎತ್ತಿದರೂ ಎಲ್ಲರೂ ಒಪ್ಪಿಬಿಡುತ್ತಿದ್ದರು. ಅಷ್ಟರಲ್ಲಿ ಪ್ರೊಫೆಸರು ಬಂದೇಬಿಟ್ಟರು.

ಎತ್ತರದ, ಬೆಳ್ಳಿಕೂದಲಿನ ಹೆಂಗಸು. ಇಪ್ಪತ್ತೈದು ವರ್ಷದ ಹಿಂದೆ ಬಾಟಲಿಗಳಿಗೆ ಅರಗು ಒತ್ತಿದ ಹುಡುಗಿ ಇವರೇ ಎಂದು ರಾಯರು ಗುರುತು ಹಿಡಿದರು. ಅವರು ರಾಯರ ಮನೆಯ ಹಜಾರದಲ್ಲಿ ಕೂತು, ಚೀಲದಿಂದ ಪುಟ್ಟ ಕಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ರಾಯರ ಬೆರಳು ತಾವಾಗಿಯೇ ಅದರ ಕಡೆ ಹೊರಟವು. ಹೆಂಡತಿ ಕೈ ಹಿಡಿದು ಕೂರಿಸಿದಳು.

"ಮೊದಲು ಫೋಟೋಗಳು," ಎಂದರು ಪ್ರೊಫೆಸರು ತಮ್ಮ ಭಾಷೆಯಲ್ಲಿ.

ಆಲ್ಬಮ್ಮಿನಲ್ಲಿ ಫೋಟೋಗಳನ್ನು ಜನವರಿಯಿಂದ ಡಿಸೆಂಬರಿನವರೆಗೆ ಅಂಟಿಸಲಾಗಿತ್ತು. ಪ್ರೊಫೆಸರು ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಮುಂದಕ್ಕೆ ತಿರುವಿದರು. ಮತ್ತೆ ಹಿಂದಕ್ಕೆ ಬಂದರು. ಆಮೇಲೆ ಎಂಜಿನಿಯರ ಮೂಗನ್ನು ದಿಟ್ಟಿಸಿದರು.

"ಒಂದು ಸಂದೇಹ. ಜನವರಿಯಲ್ಲಿ ನಿಮ್ಮ ಮೂಗಿಗೆ ದೊಡ್ಡ ಪಟ್ಟಿ ಇದೆ. ಏಪ್ರಿಲ್‌ನಲ್ಲಿ ಗಾಯ ಮಾಯ. ಮೇ ತಿಂಗಳಲ್ಲಿ ಮತ್ತೆ ಪಟ್ಟಿ. ಸೆಪ್ಟೆಂಬರಿನಲ್ಲಿ, ಇಗೋ, ಮೂಗಿಗೆ ಪೆಟ್ಟು ಬೀಳುತ್ತಿದೆ. ಪೆಟ್ಟು ಬೀಳುವ ಎಂಟು ತಿಂಗಳ ಮೊದಲೇ ಪಟ್ಟಿ ಹಚ್ಚಿದ್ದೀರಿ. ನಿಮ್ಮಲ್ಲಿ ಎಲ್ಲವನ್ನೂ ಮುಂಚಿತವಾಗಿಯೇ ಮಾಡುವ ಪದ್ಧತಿಯೇ?"

ಎಂಜಿನಿಯರು ಸೂರಿನ ತೊಲೆ ನೋಡಿದರು. ಹವಾಮಾನದವರು ಕಿಟಕಿಯಾಚೆ ಆಕಾಶ ನೋಡಿದರು. ರಾಯರು ಬಾಟಲಿ ನೋಡಿದರು. ಸಂಖ್ಯೆ ತಪ್ಪು ಬರೆದು ಒಂದು ಚೀಟಿಯನ್ನೂ ಹೊರಗೆ ಕೊಟ್ಟವರಲ್ಲ ಅವರು. ಎದ್ದು ನಿಂತು, ಡ್ರಾಯರಿನಲ್ಲಿ ಉಳಿದ ಪತ್ರದಿಂದ ಹಿಡಿದು ಬೆನ್ನಿಗಿಟ್ಟ ಐಸಿನವರೆಗೆ ಒಂದನ್ನೂ ಬಿಡದೆ ಹೇಳಿಬಿಟ್ಟರು. ಕೊನೆಗೆ, "ಹನ್ನೊಂದು ಆಗಿವೆ ಮೇಡಂ. ಅಕ್ಟೋಬರ್ ಆಗಿಲ್ಲ. ಬಾಟಲಿ ನೀವು ತೆಗೆದುಕೊಂಡು ಹೋಗಿ," ಎಂದರು. ಆ ಮಾತು ಹೇಳುವಾಗ ಅವರಿಗೆ ಅಳು ಬಂದಿತ್ತು.

ಅಷ್ಟು ಹೊತ್ತು ಬಾಗಿಲ ಬಳಿ ನಿಂತು ನೋಡುತ್ತಿದ್ದ ಅತ್ತೆಗೆ ಆ ಭಾಷೆ ಬಾರದಿದ್ದರೂ ಅಳಿಯ ಸಿಕ್ಕಿಬಿದ್ದದ್ದು ಮುಖ ನೋಡಿಯೇ ತಿಳಿಯಿತು; ತಡೆಯಲಾರದೆ ಒಳಗೆ ಬಂದರು.

"ನಾನು ಆವತ್ತೇ ಬಡ್ಕೊಂಡೆ! ನಿಜ ಬರೀರಿ ಅಂದೆ!"

"ಬರೆದಿದ್ದನ್ನ ಮಾಡಿದ್ದೀವಲ್ಲ ಅತ್ತೆ!" ರಾಯರಿಗೂ ಆವತ್ತು ಎಲ್ಲಿತ್ತೋ ಧೈರ್ಯ. "ಮೈ ಮುರಿದು ಮಾಡಿದ್ದೀವಿ!"

"ಆಮೇಲ್ ಮಾಡಿದ್ರೆ ಮೊದಲು ಹೇಳಿದ್ದು ಸತ್ಯ ಆಗುತ್ತಾ? ಮಾಡ್ದೇ ಇದ್ದಿದ್ದನ್ನ ಮಾಡ್ದೆ ಅನ್ನೋದು ಒಂದೇ, ಕದ್ದ ಮಾಲು ಮಾರೋದು ಒಂದೇ!"

"ಕದ್ದಿದ್ದನ್ನ ವಾಪಸ್ ಇಟ್ರೆ?"

"ಇಟ್ರೂ ಕಳ್ಳ ಕಳ್ಳನೇ!"

"ಅಧ್ಯಕ್ಷನಾಗಿ ನಾನು ಒಪ್ಪಲ್ಲ," ಎಂದು ಎಂಜಿನಿಯರು ಎದ್ದರು. "ಕಂಬ ಆಮೇಲೆ ಹಾಕಿದ್ರೂ ಸೇತುವೆ ಸೇತುವೆನೇ!" "ಅಜ್ಜಿ ಹೇಳೋದು ಸರಿ," ಎಂದರು ಡಾಕ್ಟರಮ್ಮ. ಹವಾಮಾನದವರು ಎರಡು ಕೈ ಎತ್ತಿ, "ಇಬ್ಬರದೂ ತಪ್ಪು!" ಎಂದು ಕೂಗಿದರು. ಹೆಂಡತಿ ಬೀದಿಯ ಕಡೆಯ ಕಿಟಕಿ ಮುಚ್ಚಿದಳು.

ಪ್ರೊಫೆಸರು ಕುತೂಹಲದಿಂದ ಎಲ್ಲರ ಬಾಯಿಯನ್ನೂ ನೋಡುತ್ತಿದ್ದರು. ಗಲಾಟೆ ಸ್ವಲ್ಪ ತಗ್ಗಿದಾಗ ಡಾಕ್ಟರಮ್ಮ ಒಂದೊಂದೇ ಮಾತನ್ನು ಅವರ ಭಾಷೆಗೆ ತಿರುಗಿಸಿ ಹೇಳಿದರು. ಕೇಳಿ ಮುಗಿಸಿದ ಪ್ರೊಫೆಸರು ಪೆನ್ನು ತೆಗೆದು ವರದಿಯ ಮೇಲೆ ಒಂದು ಗುರುತು ಹಾಕಿದರು.

"ಅಕ್ಟೋಬರ್: ಬಿಸಿಬಿಸಿ ಚರ್ಚಾಕೂಟ. ನಾನೇ ಸಾಕ್ಷಿ. ಹನ್ನೆರಡೂ ಆದವು. ವರ್ಷ ಯಾವ ವೇಗದಲ್ಲಿ ಓಡಬೇಕೆಂದು ನಮ್ಮ ನಿಯಮದಲ್ಲಿ ಹೇಳಿಲ್ಲ. ಉಳಿದ ಸಂಘಗಳವರು ಒಂದೇ ಊಟಕ್ಕೆ ಹನ್ನೆರಡು ಫೋಟೋ ತೆಗೆಸಿರುತ್ತಾರೆ. ತೆರೆಯಿರಿ."

ಪರೀಕ್ಷಾಲಯದಲ್ಲಿ ರಾಯರು ಅರಗು ಒಡೆದರು. ಕಪ್ಪು ಉಂಡೆಗಳು ಒದ್ದೆ ಕಾಗದದ ಮೇಲೆ ಉರುಳಿದವು. ಎರಡು ನಿಮಿಷ ಸುಮ್ಮನಿದ್ದವು. ಆಮೇಲೆ ಮೆಲ್ಲಗೆ ಕರಗಿ, ಕಂದು ರಸ ಬಿಟ್ಟು, ಕೋಣೆಯ ತುಂಬ ಶುಂಠಿಯ ಘಮ ಹಬ್ಬಿಸಿದವು.

"ಗುಳಿಗೆ," ಎಂದರು ರಾಯರು. ಗೊತ್ತಾಯಿತಲ್ಲ ಎಂಬ ನಿರಾಳವೂ, ಮಾನ ಹೋಯಿತಲ್ಲ ಎಂಬ ಸಂಕಟವೂ ಒಟ್ಟಿಗೇ ಬಂದವು. ಜೇಬಿನ ಕಥೆಯನ್ನೂ ಹೇಳಿ, ಟ್ರೇ ಎತ್ತಿ ಕಸದ ಬುಟ್ಟಿಗೆ ಸುರಿಯಹೊರಟರು.

ಪ್ರೊಫೆಸರು ತಡೆದರು. "ಕಾಗದದ ಮೇಲೆ ಇಟ್ಟಾಗಿದೆ. ಎಣಿಸುವ ದಿನ ಬರುವವರೆಗೆ ಫಲಿತಾಂಶ ಬರೆಯುವಂತಿಲ್ಲ. ನಿಮಗೆ ಇದನ್ನು ಕಲಿಸಿದ್ದು ನಾವೇ ಅಲ್ಲವೇ? ನಾನು ಹತ್ತನೆಯ ದಿನ ಬರುತ್ತೇನೆ."

ಟ್ರೇ ಕಪಾಟಿಗೆ ಹೋಯಿತು. ನೌಕರಿಗೆ ಸೇರಿದ ಮೇಲೆ ಮೊದಲ ಸಲ ರಾಯರು ಚೀಟಿ ಬರೆಯದೆ ಟ್ರೇ ಇಟ್ಟರು.

ಹತ್ತನೆಯ ದಿನ ಕಪಾಟಿನ ಮುಂದೆ ಎಲ್ಲರೂ ನೆರೆದರು. ಶುಂಠಿಯ ಪ್ರಯೋಗ ಏನಾಯಿತೆಂದು ನೋಡಲು ಗುಮಾಸ್ತನೂ ಬಂದ. ತಮ್ಮ ಗುಳಿಗೆ ಸಮುದ್ರದಾಚೆ ಇಪ್ಪತ್ತೈದು ವರ್ಷ ರಾಜಮರ್ಯಾದೆಯಲ್ಲಿತ್ತು ಎಂದು ಮಗಳಿಂದ ತಿಳಿದ ಅತ್ತೆ, ಹೊಸ ಬಟ್ಟೆ ಉಟ್ಟು ಮುಂದಿನ ಕುರ್ಚಿಯಲ್ಲೇ ಕೂತರು. ರಾಯರು ಟ್ರೇ ಎಳೆದರು.

ಕಂದು ಕೆಸರಿನ ನಡುವೆ ಮೂರು ಹಸಿರು ಮೊಳಕೆಗಳು ನೆಟ್ಟಗೆ ನಿಂತಿದ್ದವು.

ಪ್ರೊಫೆಸರು ಭೂತಗನ್ನಡಿ ಹಿಡಿದು ಬಗ್ಗಿದವರು ಏಳಲೇ ಇಲ್ಲ. ಅವರ ಕೆನ್ನೆ ಕೆಂಪಾಗಿತ್ತು. "ಇಲ್ಲಿಯವರೆಗೆ ನಲವತ್ತು ಊರಿನ ನಲವತ್ತು ಬಾಟಲಿ ಬಿತ್ತಿದ್ದೇವೆ. ಎಲ್ಲವೂ ಸೊನ್ನೆ. ಒಂದೇ ಒಂದು ಕಾಳು ಮೊಳೆತಿರಲಿಲ್ಲ. ಇದರಲ್ಲಿ ಏನಿದೆ? ದಯವಿಟ್ಟು ಆ ತಾಯಿಯನ್ನು ಕೇಳಿ."

ಅತ್ತೆ ಗಂಟಲು ಸರಿಮಾಡಿಕೊಂಡರು. "ಶುಂಠಿ, ಮೆಣಸು, ಓಮ. ಜೇನುತುಪ್ಪದಲ್ಲಿ ಕಲಸಿ, ಉಂಡೆ ಕಟ್ಟಿ, ನೆರಳಲ್ಲಿ ಒಣಗಿಸಿದ್ದು. ಆದ್ರೆ ಮುಖ್ಯ ಅದಲ್ಲ. ಮೂರು ದಿನ! ಮೂರು ದಿನ ಕಲ್ಲಲ್ಲಿ ಹಾಕಿ, ಕಾಡಿಗೆ ಹಾಗೆ ನುಣ್ಣಗೆ ಅರೀಬೇಕು. ಈಗಿನವರ ಕೈಲಿ ಆಗಲ್ಲ."

ಡಾಕ್ಟರಮ್ಮ ತಿರುಗಿಸಿ ಹೇಳಿದರು. ಪ್ರೊಫೆಸರು ಚಿಮಟದಿಂದ ಒಂದು ಮೊಳಕೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಬುಡದಲ್ಲಿ ಇಡಿಯಾದ ಒಂದು ಓಮದ ಕಾಳಿನ ಸಿಪ್ಪೆ ಅಂಟಿಕೊಂಡಿತ್ತು. ಅವರು ಅದನ್ನು ರಾಯರಿಗೆ ತೋರಿಸಿದರು.

ರಾಯರು ನೋಡಿದರು. ಟ್ರೇ ನೋಡಿದರು. ಅತ್ತೆಯನ್ನು ನೋಡಿದರು.

"ಅತ್ತೆ," ಎಂದರು ಮೆತ್ತಗೆ, "ಅರೆದ ಕಾಳು ಮೊಳೆಯಲ್ಲ."

"ಏನಂದ್ರಿ?"

"ಇದು ಇಡೀ ಕಾಳು. ಇದನ್ನ ಯಾರೂ ಅರೆದಿಲ್ಲ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅತ್ತೆ ತಮ್ಮ ಬಲಗೈಯ ರಟ್ಟೆ ಮುಟ್ಟಿ ನೋಡಿಕೊಂಡರು. "ಆವಾಗ ಕೈ ನೋವಿತ್ತು," ಎಂದರು ಯಾರೂ ಕೇಳದೆಯೇ. "ನೀವು ಹೊರಡೋಕೆ ಮೂರೇ ದಿನ ಇದ್ದಾಗ ನನಗೆ ನೆನಪಾಗಿದ್ದು. ಒಂದ್ಸಲ ಓಮ ಅರೀದೆ ಹಾಗೇ ಕಲಸಿದ್ರೆ ಯಾರಿಗ್ ಗೊತ್ತಾಗುತ್ತೆ ಅಂತ..."

"ಅಮ್ಮಾ!" ಎಂದಳು ಮಗಳು. "ಕಲ್ಲಿನ ಸದ್ದು ಕೇಳ್ತಿತ್ತಲ್ಲ!"

"ಖಾಲಿ ಕಲ್ಲು ತಿರುಗಿಸ್ತಿದ್ದೆ ಕಣೆ."

ನಕ್ಕವರಲ್ಲಿ ಮೊದಲಿಗರು ಪ್ರೊಫೆಸರು. ಅವರಿಗೆ ಡಾಕ್ಟರಮ್ಮನ ಮಾತು ತಲುಪುವ ಮೊದಲೇ ಅರ್ಥವಾಗಿತ್ತು. ಜೇನಿನ ಹೊದಿಕೆಯಲ್ಲಿ ಕಾಳನ್ನು ಇಡಿಯಾಗಿ ಕಾಪಾಡಿದ್ದಕ್ಕಾಗಿ ಅವರು ಅಲ್ಲೇ ಅತ್ತೆಯನ್ನು ಸಂಘದ ಗೌರವ ಸದಸ್ಯೆಯೆಂದು ಘೋಷಿಸಿದರು. ಅರೆದಿದ್ದರೆ ಇವತ್ತು ಟ್ರೇಯಲ್ಲಿ ಕೆಸರು ಬಿಟ್ಟು ಬೇರೇನೂ ಇರುತ್ತಿರಲಿಲ್ಲ ಎಂದರು. ರಾಯರು ಒಂದು ಚೀಟಿ ತೆಗೆದು, ಎರಡು ಸಲ ಎಣಿಸಿ, 'ಮೂರು' ಎಂದು ಬರೆದು, ಆಮೇಲೆ ಸಹಿ ಹಾಕಿದರು. ಗುಮಾಸ್ತ ತಕ್ಷಣ ಕೈ ಚಾಚಿದ. ರಾಯರು ಕೊಡಲಿಲ್ಲ, ಜೇಬಿಗಿಟ್ಟುಕೊಂಡರು. ಅಷ್ಟು ಸಂತೋಷವಾಗಿತ್ತು ಅವರಿಗೆ.

ಅತ್ತೆ ಮಾತ್ರ ನಗುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದರು.

"ಅಳಿಯಂದ್ರೇ, ನನ್ನ ಗುಳಿಗೆ ಅಲ್ಲಿಗೆ ಹೋಯ್ತು ಅಂದ್ಮೇಲೆ, ಇಲ್ಲಿ ನಾನು ತಿಂಗಳುಗಟ್ಟಲೆ ನುಂಗಿದ್ದು ಏನು?"

ರಾಯರು ಸುಳ್ಳು ಹೇಳುವುದನ್ನು ಈಗ ತಾನೇ ಬಿಟ್ಟಿದ್ದರು.

"ಸಂಜೆಮಲ್ಲಿಗೆ ಬೀಜ ಅತ್ತೆ. ನಾನೇ ಪರೀಕ್ಷೆ ಮಾಡಿದ್ದು. ಒಳ್ಳೇ ಬೀಜ. ನೂರಕ್ಕೆ ತೊಂಬತ್ತಾರು ಮೊಳಕೆ."

ಅತ್ತೆ ಟ್ರೇಯಲ್ಲಿ ನೆಟ್ಟಗೆ ನಿಂತಿದ್ದ ಮೂರು ಹಸಿರು ಮೊಳಕೆಗಳನ್ನು ನೋಡಿದರು. ಇಪ್ಪತ್ತೈದು ವರ್ಷದ ಮೇಲೆ ಎದ್ದು ಬಂದವು. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಡಾಕ್ಟರಮ್ಮನ ತೋಳು ಹಿಡಿದು ಎಳೆದರು.

"ಡಾಕ್ಟ್ರಮ್ಮಾ, ಟಾರ್ಚ್ ತಂದಿದೀರಾ? ಒಂದ್ಸಲ ಒಳಗೆ ನೋಡಿ," ಎಂದು ಅಗಲವಾಗಿ ಬಾಯಿ ತೆರೆದರು.

ಡಾಕ್ಟರಮ್ಮ ಚೀಲದಲ್ಲಿ ಟಾರ್ಚ್ ಹುಡುಕುವಷ್ಟರಲ್ಲಿ, ಎಲ್ಲರಿಗಿಂತ ಮೊದಲು ಬಗ್ಗಿ ಇಣುಕಿದವರು ಮೊಳಕೆರಾಯರು.